ಗರಗಸಕ್ಕೆ ದಾರಿ ತೋರುವ ಅಚ್ಚು

ದೇಶದ ಮೊದಲ ಗ್ರಾಮೀಣ ಕ್ಯಾನ್ಸರ್ ನೋಂದಣಿ 1987ರಲ್ಲಿ ಸೊಲ್ಲಾಪುರ ಜಿಲ್ಲೆಯ ಬಾರ್ಶಿಯಲ್ಲಿ ಶುರುವಾಯಿತು. ಅಂಗೈಯಲ್ಲಿ ತಂಬಾಕು-ಸುಣ್ಣ ತಿಕ್ಕಿ ದವಡೆಗೆ ಒತ್ತರಿಸಿಕೊಳ್ಳುವವರು, ಹುರಿದ ತಂಬಾಕಿನ ಪುಡಿಯಾದ ಮಿಶ್ರಿಯಿಂದ ಹಲ್ಲು ತಿಕ್ಕುವ ಹೆಂಗಸರು ಅದೇ ಜಿಲ್ಲೆಯ ಅಕ್ಕಲಕೋಟೆಯ ಕನ್ನಡ ಮನೆಗಳಿಗೂ ಅಪರಿಚಿತರಲ್ಲ. ಗುಟ್ಕಾವನ್ನು ಮಹಾರಾಷ್ಟ್ರ 2012ರಲ್ಲಿ, ಕರ್ನಾಟಕ 2013ರಲ್ಲಿ ನಿಷೇಧಿಸಿದರೂ ಚಟ ಹೋಗಿಲ್ಲ. ತಂಬಾಕು ಕೂತ ಜಾಗದಲ್ಲೇ, ವಸಡು ಮತ್ತು ಕೆನ್ನೆಯ ಸಂದಿನಲ್ಲಿ, ಕ್ಯಾನ್ಸರ್ ಹುಣ್ಣು ಏಳಬಹುದು. ಅದು ಎಲುಬಿಗೆ ಇಳಿದರೆ ಕೆಳದವಡೆಯ ಒಂದು ತುಂಡನ್ನೇ ಕತ್ತರಿಸಿ ತೆಗೆಯಬೇಕಾಗುತ್ತದೆ.

ದವಡೆ ಹೋದರೆ ಮುಖದ ಆಕಾರವಷ್ಟೇ ಹೋಗುವುದಿಲ್ಲ. ಅಗಿಯುವುದು, ನುಂಗುವುದು, ಮಾತು ಎಲ್ಲಕ್ಕೂ ಪೆಟ್ಟು. ಆ ಜಾಗ ತುಂಬಲು ವೈದ್ಯರು ಕಾಲಿನ ಎಲುಬನ್ನು ತರುತ್ತಾರೆ. ಮೊಣಕಾಲ ಕೆಳಗಿನ ಎರಡು ಎಲುಬುಗಳಲ್ಲಿ ಮೈಭಾರವನ್ನು ಹೆಚ್ಚಾಗಿ ಹೊರುವುದು ದಪ್ಪನೆಯದು. ಪಕ್ಕದ ತೆಳ್ಳನೆಯ ಫಿಬುಲಾದ ನಡುಭಾಗವನ್ನು ತೆಗೆದರೂ ಮನುಷ್ಯ ನಡೆಯಬಲ್ಲ. ಮೊಣಕಾಲು ಮತ್ತು ಹರಡಿನ ಬಳಿ ಕೆಲವು ಸೆಂಟಿಮೀಟರ್ ಬಿಟ್ಟರೆ ಸಾಕು. 1989ರಲ್ಲಿ ಅಮೆರಿಕದ ಡೇವಿಡ್ ಹಿಡಾಲ್ಗೊ ಫಿಬುಲಾದಿಂದ ದವಡೆ ಕಟ್ಟುವ ವಿಧಾನವನ್ನು ಪ್ರಕಟಿಸಿದರು.

ಆದರೆ ಫಿಬುಲಾ ನೆಟ್ಟಗಿದೆ, ದವಡೆ ಬಾಗಿದೆ. ನೆಟ್ಟಗಿನ ಎಲುಬನ್ನು ತುಂಡು ಮಾಡಿ, ಓರೆ ಕೊಯ್ದು, ಕೋನ ಕೂಡಿಸಿ ಗದ್ದದ ಬಾಗು ಬರಿಸಬೇಕು. ಕೋನ ತಪ್ಪಿದರೆ ಮೇಲಿನ ಹಲ್ಲಿಗೆ ಕೆಳಗಿನದು ಕೂಡುವುದಿಲ್ಲ. ಮೊದಲು ಈ ಲೆಕ್ಕವೆಲ್ಲ ಆಪರೇಷನ್ ಟೇಬಲ್ ಮೇಲೆ, ಕಣ್ಣಳತೆಯಲ್ಲಿ ನಡೆಯುತ್ತಿತ್ತು. ನುರಿತ ಕೈಗೂ ಅದು ಕಷ್ಟದ ಕೆಲಸ.

ಈಗ ಲೆಕ್ಕ ಮೊದಲೇ ಮುಗಿಯುತ್ತದೆ. ಮುಖ ಮತ್ತು ಕಾಲಿನ ಸಿಟಿ ಸ್ಕ್ಯಾನ್‌ನ ತೆಳು ಪದರುಗಳನ್ನು ಕಂಪ್ಯೂಟರ್ ಒಟ್ಟುಗೂಡಿಸಿ ಎಲುಬಿನ ಪೂರ್ಣ ಆಕೃತಿ ಕಟ್ಟುತ್ತದೆ. ರೋಗವಿಲ್ಲದ ಬದಿಯನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಇನ್ನೊಂದು ಬದಿಗೆ ಇಟ್ಟು ನೋಡಿದರೆ ಹೊಸ ದವಡೆಯ ಗುರಿ ಸಿಗುತ್ತದೆ. ಎಲ್ಲಿ, ಯಾವ ಕೋನದಲ್ಲಿ ಕೊಯ್ಯಬೇಕೆಂದು ತೆರೆಯ ಮೇಲೆ ತೀರ್ಮಾನವಾದ ಮೇಲೆ, ಆ ತೀರ್ಮಾನವನ್ನು ತ್ರೀಡಿ ಪ್ರಿಂಟರ್ ಪ್ಲಾಸ್ಟಿಕ್ಕಿನಲ್ಲಿ ಅಚ್ಚು ಹಾಕುತ್ತದೆ. ಇದೇ ಗೈಡ್. ಅದರ ಒಳಮೈ ಆ ರೋಗಿಯ ಎಲುಬಿನ ಉಬ್ಬುತಗ್ಗಿಗೆ ಮಾತ್ರ ಕೂಡುತ್ತದೆ. ಸ್ಕ್ರೂ ಹಾಕಿ ನಿಲ್ಲಿಸಿದರೆ ಗರಗಸ ಅದರ ಸೀಳಿನೊಳಗೆ ಮಾತ್ರ ಓಡುತ್ತದೆ. ಸೊಲ್ಲಾಪುರದ ಚಾದರ ನೇಯುವವರಿಗೆ ಇದು ಬೇಗ ಅರ್ಥವಾದೀತು: ಜಕಾರ್ಡ್ ಮಗ್ಗದ ತೂತಿನ ಕಾರ್ಡಿನಲ್ಲಿ ಹೂವು ಮೊದಲೇ ನಿಶ್ಚಯವಾಗಿರುತ್ತದೆ, ನೂಲು ಆ ಪ್ರಕಾರ ಏಳುತ್ತದೆ.

ಗೈಡ್ ಇದ್ದರೆ, ಫಿಬುಲಾ ಇನ್ನೂ ಕಾಲಿನ ರಕ್ತನಾಳಕ್ಕೆ ಅಂಟಿಕೊಂಡಿರುವಾಗಲೇ ಅದನ್ನು ತುಂಡರಿಸಿ ಜೋಡಿಸಬಹುದು. ಆದ್ದರಿಂದ ಎಲುಬು ರಕ್ತವಿಲ್ಲದೆ ಕಳೆಯುವ ಹೊತ್ತು ಕಡಿಮೆಯಾಗುತ್ತದೆ. ನನಗೆ ಈ ತಂತ್ರದಲ್ಲಿ ಅತಿ ಮುಖ್ಯವೆನಿಸುವುದು ಇದು.

ರೋಗವಿಲ್ಲದೆ ಮುಖದ ಅಂದಕ್ಕಾಗಿ ದವಡೆ ಕೊರೆಯಿಸಿಕೊಳ್ಳುವವರೂ ಇದ್ದಾರೆ. ದಕ್ಷಿಣ ಕೊರಿಯಾದಲ್ಲಿ ಅದು ಬಹಳ ಪ್ರಚಲಿತ. ಅಂಥ ಆಪರೇಷನ್‌ನಲ್ಲಿ ಗೈಡ್‌ನ ಕೆಲಸ ಬೇರೆ. ಕೆಳದವಡೆಯೊಳಗಿನ ಕಾಲುವೆಯಲ್ಲಿ ಹರಿದು ತುಟಿ-ಗದ್ದಕ್ಕೆ ಸ್ಪರ್ಶ ಕೊಡುವ ನರ ಇದೆ. ಅದು ಎಲ್ಲಿದೆ ಎಂದು ಸ್ಕ್ಯಾನ್ ತೋರಿಸುತ್ತದೆ, ಗೈಡ್ ಗರಗಸವನ್ನು ಅದರಿಂದ ದೂರ ಇಡುತ್ತದೆ. ನರ ಕಡಿದರೆ ತುಟಿ ಜೋಮು ಹಿಡಿದಂತೆ ಉಳಿದುಬಿಡಬಹುದು.

ಗೈಡ್ ಸ್ಕ್ಯಾನ್ ಆದ ದಿನವನ್ನಷ್ಟೇ ಬಲ್ಲದು. ಸ್ಕ್ಯಾನ್ ಆಗಿ ವಾರಗಟ್ಟಲೆ ಕಳೆದರೆ ಗಡ್ಡೆ ಬೆಳೆದು, ನಿಶ್ಚಯಿಸಿದ ಗೆರೆ ದಾಟಿರಬಹುದು. ಆಗ ಶಸ್ತ್ರವೈದ್ಯರು ಗೈಡನ್ನು ಬದಿಗಿಟ್ಟು ಹೆಚ್ಚು ಕೊಯ್ಯಲೇಬೇಕು. ಅಡಿಯಲ್ಲಿ ಒಂದು ಚೂರು ಮಾಂಸ ಉಳಿದರೂ ಗೈಡ್ ಎಲುಬಿಗೆ ಸರಿಯಾಗಿ ಕೂಡುವುದಿಲ್ಲ. ಕೆಲವು ಪ್ಲಾಸ್ಟಿಕ್‌ಗಳು ಉಪಕರಣಗಳನ್ನು ಹಬೆಯಲ್ಲಿ ಕ್ರಿಮಿಶುದ್ಧ ಮಾಡುವ ಆಟೋಕ್ಲೇವ್‌ನ ಬಿಸಿಗೆ ಡೊಂಕಾಗುತ್ತವೆ. ಅಂಥದರಲ್ಲಿ ಮಾಡಿದ ಗೈಡ್ ಸುಳ್ಳು ದಾರಿ ತೋರಿಸುತ್ತದೆ.

ಎಲ್ಲಕ್ಕೂ ದುಬಾರಿ ವ್ಯವಸ್ಥೆಯೇ ಬೇಕೆಂದಿಲ್ಲ. ಸಾಧಾರಣ ಪ್ರಿಂಟರ್‌ನಲ್ಲಿ ದವಡೆಯ ಮಾದರಿಯೊಂದನ್ನು ತೆಗೆದು, ಎಲುಬಿನ ತುಂಡುಗಳನ್ನು ಹಿಡಿದಿಡುವ ಟೈಟೇನಿಯಂ ಪ್ಲೇಟನ್ನು ಹಿಂದಿನ ದಿನವೇ ಅದರ ಮೇಲಿಟ್ಟು ಬಗ್ಗಿಸಿಕೊಂಡರೂ ಆಪರೇಷನ್ ಹೊತ್ತು ಉಳಿಯುತ್ತದೆ. ಆ ಮಾದರಿ ರೋಗಿಯ ಮೈಯೊಳಗೆ ಹೋಗುವುದಿಲ್ಲ. ತಂಬಾಕಿನ ಹೊರೆ ಹೊತ್ತ ಜಿಲ್ಲೆಯ ಆಸ್ಪತ್ರೆಗಳು ಇಲ್ಲಿಂದಲೇ ಆರಂಭಿಸಬೇಕೆಂಬುದು ನನ್ನ ಆಸೆ.