ಮರದ ಪಟ್ಟಿಗಳಲ್ಲಿ ಕೆರೆಯ ಬೆಳಗು

ಬೆಂಗಳೂರಿನ ಪೂರ್ವದಿಕ್ಕಿನಲ್ಲಿ ರಾಮಮೂರ್ತಿ ನಗರದ ಜನಸಂದಣಿಯನ್ನು ದಾಟಿ, ಅರುಣೋದಯದಲ್ಲಿ ಕಲ್ಕೆರೆಯ ಕೆರೆಯ ಬಳಿ ನಿಂತವರಿಗೆ ನಿಶ್ಚಲವಾದ ನೀರಿನ ಸೊಬಗನ್ನು ವರ್ಣಿಸಿ ಹೇಳಬೇಕಾದುದಿಲ್ಲ. ಆ ಶಾಂತಿಯನ್ನು ವಾದ್ಯದಲ್ಲಿ ನುಡಿಸಬೇಕೆಂದರೆ ನಮಗೆ ವೀಣೆಯೋ ಕೊಳಲೋ ನೆನಪಾಗುವುದೇ ಹೊರತು, ಮರವನ್ನು ಕೋಲಿನಿಂದ ಬಡಿಯುವ ವಾದ್ಯವು ನೆನಪಾಗದು. ಆದರೂ ಮರಿಂಬಾ ಎಂಬ ವಾದ್ಯವು ಈ ಕಾರ್ಯಕ್ಕೆ ಸೊಗಸಾಗಿ ಒದಗುವುದುಂಟು.

ಮರಿಂಬಾ ನಮ್ಮ ಕಾಷ್ಠತರಂಗದ ಜಾತಿಯದು. ಹೆಸರು ಆಫ್ರಿಕ ಖಂಡದ್ದು. ನೆಲೆನಿಂತುದು ಮಧ್ಯ ಅಮೆರಿಕದಲ್ಲಿ. ಗ್ವಾಟೆಮಾಲಾ ದೇಶವು 1978ರಲ್ಲಿ ಅದನ್ನು ತನ್ನ ರಾಷ್ಟ್ರೀಯ ವಾದ್ಯವೆಂದು ಸಾರಿತು. ಉತ್ತಮ ಮರಿಂಬಾದ ಪಟ್ಟಿಗಳನ್ನು ಮಾಡುವುದು ನಮ್ಮ ಬೀಟೆಗೆ ದಾಯಾದಿಯಾದ ಮರದಿಂದ. ಪಟ್ಟಿಯ ಅಡಿಯನ್ನು ನಡುವೆ ಕೆತ್ತಿದಷ್ಟೂ ಸ್ವರವು ಇಳಿಯುವುದು. ತುದಿಯನ್ನು ಸವರಿದರೆ ಏರುವುದು. ಪ್ರತಿಯೊಂದರ ಕೆಳಗೂ ನಾದವನ್ನು ತುಂಬಿಕೊಡುವ ಕೊಳವೆಯುಂಟು; ಅತಿಮಂದ್ರದ ಪಟ್ಟಿಗೆ ಅದು ಸುಮಾರು 4 ಅಡಿ ಉದ್ದವಿರಬೇಕು. ಹಳೆಯ ಮರಿಂಬಾಗಳಲ್ಲಿ ಕೊಳವೆಗೆ ಬದಲಾಗಿ ಬುರುಡೆಗಳಿದ್ದುವು. ವೀಣೆಗೆ ಬುರುಡೆ ಕಟ್ಟುವ ನಮಗೆ ಇದೇನೂ ಹೊಸತಲ್ಲ.

ಕಷ್ಟವಿರುವುದು ಬೇರೊಂದು ಕಡೆ. ಮರದ ನಾದವು ಅಲ್ಪಾಯು. ತಟ್ಟಿದೊಡನೆ ಹುಟ್ಟಿ, ಕ್ಷಣದಲ್ಲಿ ಅಡಗುವುದು. ಹೀಗಿರುವಾಗ ಅಲುಗದ ನೀರನ್ನು ತೋರಿಸುವ ಬಗೆ ಹೇಗೆ? ನೂಲು ಸುತ್ತಿದ ಮೃದುವಾದ ಕೋಲುಗಳೆರಡರಿಂದ ಒಂದೇ ಪಟ್ಟಿಯನ್ನು ಬಿಡುವಿಲ್ಲದೆ ಮೆಲ್ಲನೆ ತಟ್ಟಿದರೆ, ಬಿಡಿ ಪೆಟ್ಟುಗಳು ಕೂಡಿಕೊಂಡು ಒಂದೇ ನಾದವಾಗಿ ಕೇಳುವುವು. ಮೇಳದಲ್ಲಿಯಾದರೆ ಒಬ್ಬರ ಸ್ವರವು ಅಡಗುವ ಮೊದಲೇ ಮತ್ತೊಬ್ಬರು ಎತ್ತಿಕೊಳ್ಳಬಹುದು. ಗ್ವಾಟೆಮಾಲಾದಲ್ಲಿ ದೊಡ್ಡ ಮರಿಂಬಾಕ್ಕೆ 4 ಮಂದಿ, ಚಿಕ್ಕದಕ್ಕೆ 3 ಮಂದಿ ನಿಂತು ನುಡಿಸುವ ಪದ್ಧತಿಯುಂಟು.

ಇನ್ನು ರಾಗದ ಮಾತು. ಪಟ್ಟಿಯ ಮೇಲೆ ಗಮಕವು ನುಡಿಯದು. ಆದುದರಿಂದ ತೋಡಿಯನ್ನು ಇದರಲ್ಲಿ ನುಡಿಸಹೊರಡುವುದು, ನನ್ನ ಅಭಿಪ್ರಾಯದಲ್ಲಿ, ವ್ಯರ್ಥ ಸಾಹಸ. ಮೋಹನವಾದರೆ ಒಪ್ಪುವುದು. ಅದರ ಐದು ಸ್ವರಗಳಲ್ಲಿ ಯಾವ ಎರಡೂ ಒತ್ತೊತ್ತಿನ ಸ್ವರಸ್ಥಾನದಲ್ಲಿಲ್ಲ. ಹಲವು ಕೈಗಳು ಒಟ್ಟಿಗೆ ನುಡಿಸಿದರೂ ಕರ್ಕಶವಾಗದು. ಮಂದ್ರದ ಷಡ್ಜವು ನೀರಿನಂತೆ ಹರಡಿರಲಿ. ಅದರ ಮೇಲೆ ಗಾಂಧಾರ ಪಂಚಮಗಳು ಸಣ್ಣ ಅಲೆಗಳಾಗಿ ಬಂದುಹೋಗಲಿ. ಹಕ್ಕಿಯ ಕೂಗಿಗೆ ತಾರಸ್ಥಾಯಿಯಲ್ಲಿ ಗಟ್ಟಿಕೋಲಿನ ಎರಡು ಪೆಟ್ಟು ಸಾಕು. ಹೆಚ್ಚಾದರೆ ಕೆರೆಯು ಸಂತೆಯಾದೀತು! ಜಪಾನಿನಲ್ಲಿ 1937ರಲ್ಲಿ ಜನಿಸಿದ ಕೈಕೊ ಅಬೆಯೆಂಬ ವಿದುಷಿಯು ಬಿದಿರುಮೆಳೆಯ ಗಾಳಿಯನ್ನು ಕುರಿತು ಮರಿಂಬಾಕ್ಕಾಗಿಯೇ ಒಂದು ಕೃತಿಯನ್ನು ರಚಿಸಿರುವರು.

ನುಡಿಸುವವರಿಗೆ ವೇಗಕ್ಕಿಂತಲೂ ಮೌನವೇ ಕಠಿನ. ಏಳು ಮಂದಿಯೂ ಕೋಲನ್ನೆತ್ತಿ, ಯಾರೊಬ್ಬರೂ ತಟ್ಟದೆ, ಒಂದೇ ಉಸಿರಿನಲ್ಲಿ ಕಾಯಬೇಕು. ಒಬ್ಬನು ಅವಸರಪಟ್ಟರೆ ಅದುವರೆಗಿನ ಶ್ರಮವೆಲ್ಲವೂ ಹೋಯಿತು.

ಮರಿಂಬಾ ದೊರೆಯದ ಮನೆಗಳಲ್ಲಿ ಜಲತರಂಗದ ದಾರಿಯುಂಟು. ಐದು ಪಿಂಗಾಣಿ ಬಟ್ಟಲುಗಳನ್ನಿಟ್ಟು, ನೀರು ಹೆಚ್ಚಿದಷ್ಟೂ ಸ್ವರವು ತಗ್ಗುವುದೆಂಬುದನ್ನು ನೆನಪಿನಲ್ಲಿಟ್ಟುಕೊಂಡು, ಮೋಹನಕ್ಕೆ ಶ್ರುತಿಮಾಡಿ, ಮಕ್ಕಳ ಕೈಗೆ ಒಂದೊಂದು ಬಟ್ಟಲನ್ನು ಒಪ್ಪಿಸಬಹುದು.