ಡೀಸೆಲ್ಲಾ, ಪೆಟ್ರೋಲಾ? ಅಪ್ಪನ ಹಠ, ನನ್ನ ಎಕ್ಸೆಲ್ ಶೀಟು

ಬೆಂಗಳೂರು–ಮೈಸೂರು ಹೆದ್ದಾರಿಯ ಬೈಪಾಸಿಗೆ ನಮ್ಮ ಒಂದೂವರೆ ಎಕರೆ ಹಿಪ್ಪುನೇರಳೆ ತೋಟ ಹೋಯಿತು. ಪರಿಹಾರದ ದುಡ್ಡು ಬ್ಯಾಂಕಿನಲ್ಲಿ ಎಫ್‌ಡಿ ಆಗಿ ಕೂತಿತ್ತು. ಐದಾರು ವರ್ಷ ಅದರ ಸುದ್ದಿಯನ್ನೇ ಎತ್ತದಿದ್ದ ಅಪ್ಪ, 2025ರ ಯುಗಾದಿ ದಿನ ಒಬ್ಬಟ್ಟು ಮುಗಿಸಿ ಕೈ ತೊಳೆಯುತ್ತಾ, "ಒಂದು ಫಾರ್ಚೂನರ್ ತಗೊಳ್ಳಾನ ಕಣ್ಲಾ. ರಸ್ತೆಗೋದ ಭೂಮಿ, ರಸ್ತೆ ಮೇಲೇ ಓಡಾಡ್ಲಿ" ಅಂದರು.

ನಮ್ಮದು ಚನ್ನಪಟ್ಟಣದ ಪಕ್ಕದ ಹಳ್ಳಿ. ರಾಮನಗರ, ಕನಕಪುರ, ಮಾಗಡಿ ಕಡೆಯವರಿಗೆ ಈ ಆಸೆಯನ್ನು ಬಿಡಿಸಿ ಹೇಳಬೇಕಿಲ್ಲ. ಮದುವೆ ಛತ್ರದ ಮುಂದೆ ಬಿಳಿ ಫಾರ್ಚೂನರ್ ನಿಂತಿದ್ದರೆ ಒಳಗೆ ಯಾರೋ ದೊಡ್ಡವರು ಬಂದಿದ್ದಾರೆ ಅಂತಲೇ ಲೆಕ್ಕ. ಆ ಗಾಡಿ ಹುಟ್ಟೋದೂ ನಮ್ಮ ಬಿಡದಿಯಲ್ಲೇ. 2000ದಲ್ಲಿ ಕ್ವಾಲಿಸ್, 2005ರಲ್ಲಿ ಇನ್ನೋವಾ, 2009ರಲ್ಲಿ ಫಾರ್ಚೂನರ್ ಬಂತು. ಅದರ ಈಗಿನ ಡೀಸೆಲ್ ಎಂಜಿನ್ ತಯಾರಾಗುವುದು ಅಷ್ಟೇನೂ ದೂರವಿಲ್ಲದ ಜಿಗಣಿಯಲ್ಲಿ. ಹೊಸದರ ಬೆಲೆ ನಮ್ಮ ಎಫ್‌ಡಿಗೆ ಎಟುಕುವಂಥದ್ದಲ್ಲ, ಹಾಗಾಗಿ ಸೆಕೆಂಡ್ ಹ್ಯಾಂಡ್. ಅಲ್ಲಿಯವರೆಗೂ ಜಗಳವಿಲ್ಲ. ನಾನು "ಪೆಟ್ರೋಲ್ ನೋಡೋಣ" ಅಂದೆ ನೋಡಿ, ಅಲ್ಲಿಂದ ಶುರುವಾಯಿತು.

"ಅಷ್ಟು ದೊಡ್ಡ ಗಾಡೀನ ಪೆಟ್ರೋಲಲ್ಲಿ ಯಾವನ್ಲಾ ತಗೋತಾನೆ? ದುಡ್ಡು ಹೆಚ್ಚಾಗದಾ?"

ಅಪ್ಪನ ಮಾತನ್ನು ಹಳೇ ಕಾಲದ್ದು ಅಂತ ತಳ್ಳಿಹಾಕುವ ಹಾಗಿಲ್ಲ. ಅವರು ರೇಷ್ಮೆ ಗೂಡನ್ನು ಟೆಂಪೋದಲ್ಲಿ ಹಾಕಿಕೊಂಡು ರಾಮನಗರದ ಮಾರ್ಕೆಟ್ಟಿಗೆ ಹೋಗುತ್ತಿದ್ದ ದಿನಗಳಲ್ಲಿ ಡೀಸೆಲ್ ಬೆಲೆಯನ್ನು ಸರ್ಕಾರವೇ ಹಿಡಿದಿಟ್ಟಿತ್ತು. ಪೆಟ್ರೋಲ್ ಬೆಲೆಯ ನಿಯಂತ್ರಣ ಹೋಗಿದ್ದು 2010ರ ಜೂನ್‌ನಲ್ಲಿ, ಡೀಸೆಲ್‌ನದ್ದು 2014ರ ಅಕ್ಟೋಬರ್‌ನಲ್ಲಿ. ನಡುವಿನ ಆ ನಾಲ್ಕು ವರ್ಷದಲ್ಲಿ ಲೀಟರಿಗೆ 30 ರೂಪಾಯಿವರೆಗೂ ಅಂತರ ಇತ್ತು. ಆಗ ಡೀಸೆಲ್ ತಗೊಂಡವನೇ ಜಾಣ. ಈಗ? 2025ರ ಏಪ್ರಿಲ್‌ನಲ್ಲಿ ರಾಜ್ಯ ಸರ್ಕಾರ ಡೀಸೆಲ್ ಮೇಲಿನ ತೆರಿಗೆಯನ್ನು 21.17 ಪರ್ಸೆಂಟಿಗೆ ಏರಿಸಿದ ಮೇಲೆ ಬೆಂಗಳೂರಿನಲ್ಲಿ ಲೀಟರಿಗೆ 91 ರೂಪಾಯಿ ಆಯಿತು. ಪೆಟ್ರೋಲ್ ಆಗ 103ರ ಹತ್ತಿರ ಇತ್ತು. ಅಂತರ ಹನ್ನೆರಡೇ ರೂಪಾಯಿ.

ನಾನು ಲ್ಯಾಪ್‌ಟಾಪ್ ತೆಗೆದು ಎಕ್ಸೆಲ್ ಶೀಟ್ ಮಾಡಿದೆ. ನನ್ನ ವೃತ್ತಿಯವರ ಚಾಳಿ, ಬಿಡಿ. ನಾನು ನೋಡಿದ ಜಾಹೀರಾತುಗಳಲ್ಲಿ 2018ರ ಆಸುಪಾಸಿನ ಆಟೊಮ್ಯಾಟಿಕ್ ಫಾರ್ಚೂನರ್‌ಗಳಲ್ಲಿ 2.8 ಲೀಟರ್ ಡೀಸೆಲ್‌ಗೆ 2.7 ಪೆಟ್ರೋಲ್‌ಗಿಂತ ಸುಮಾರು ಮೂರೂವರೆ ಲಕ್ಷ ಜಾಸ್ತಿ ಕೇಳುತ್ತಿದ್ದರು. ಓಡಿಸುವವರನ್ನು ವಿಚಾರಿಸಿದಾಗ ಸಿಕ್ಕ ಮೈಲೇಜು: ಡೀಸೆಲ್ 11, ಪೆಟ್ರೋಲ್ 8. ತಿಂಗಳಿಗೆ 1,200 ಕಿಲೋಮೀಟರ್ ಅಂತ ಹಾಕಿದೆ. ಡೀಸೆಲ್ ಖರ್ಚು 9,900 ರೂಪಾಯಿ, ಪೆಟ್ರೋಲ್ 15,450. ವರ್ಷಕ್ಕೆ 66,000 ಉಳಿತಾಯ. ಅಂದರೆ ಐದೂ ಕಾಲು ವರ್ಷಕ್ಕೆ ಡೀಸೆಲ್‌ಗೆ ಕೊಟ್ಟ ಹೆಚ್ಚಿನ ದುಡ್ಡು ವಾಪಸ್. ನನ್ನ ಶೀಟೇ ಅಪ್ಪನ ಕಡೆ ವಾಲಿತು. ಪಕ್ಕದಲ್ಲಿ ಮಗಳಿಗೆ ಊಟ ಮಾಡಿಸುತ್ತಿದ್ದ ನನ್ನ ಹೆಂಡತಿ ಕೇಳಿದಳು, "1,200 ಅಂತ ಎಲ್ಲಿಂದ ಬಂತು?"

ವಾರಕ್ಕೆ ಎರಡು ದಿನ ಆಫೀಸು, ಹೋಗಿ ಬರೋಕೆ 120 ಕಿಲೋಮೀಟರ್, ತಿಂಗಳಿಗೆ ಎಂಟು ಸಲ, ಜೊತೆಗೆ ಅಲ್ಲಿ ಇಲ್ಲಿ ಓಡಾಟ ಅಂದೆ.

"ಆಫೀಸಿಗೆ ನೀವು ಹೋಗೋದು ಮೆಮು ರೈಲಲ್ಲಿ ಅಲ್ವಾ?"

ಈಗಿರುವ ಹಳೇ ಹ್ಯಾಚ್‌ಬ್ಯಾಕಿನ ಎರಡು ವರ್ಷದ ಸರ್ವಿಸ್ ಬಿಲ್ ಹುಡುಕಿದೆ. ವರ್ಷದಲ್ಲಿ ಓಡಿದ್ದು 5,900 ಕಿಲೋಮೀಟರ್. ಫಾಸ್ಟ್‌ಟ್ಯಾಗ್ ಸ್ಟೇಟ್‌ಮೆಂಟ್ ತೆರೆದರೆ ಮೂರು ತಿಂಗಳಲ್ಲಿ ಬಿಡದಿ ಹತ್ತಿರದ ಟೋಲ್ ದಾಟಿದ್ದು ಹನ್ನೊಂದು ಸಲ. ಎಕ್ಸ್‌ಪ್ರೆಸ್‌ವೇ ಆದ ಮೇಲೆ ದಿನಾ ಕಾರಲ್ಲೇ ಹೋಗಿಬರುತ್ತೇನೆ ಅನ್ನೋ ಭ್ರಮೆ ನನ್ನ ತಲೆಯಲ್ಲಿ ಮಾತ್ರ ಇತ್ತು. ತಿಂಗಳಿಗೆ 490 ಕಿಲೋಮೀಟರ್ ಹಾಕಿದರೆ ಡೀಸೆಲ್ ಉಳಿಸುವುದು 2,250 ರೂಪಾಯಿ, ವರ್ಷಕ್ಕೆ 27,000. ಮೂರೂವರೆ ಲಕ್ಷ ಹುಟ್ಟಲು ಹದಿಮೂರು ವರ್ಷ ಬೇಕು. 2018ರ ಗಾಡಿಯ ರಿಜಿಸ್ಟ್ರೇಷನ್ನೇ 2033ಕ್ಕೆ ಮುಗಿಯುತ್ತದೆ! ಮಾರುವಾಗ ಡೀಸೆಲ್‌ಗೆ ಬೆಲೆ ಜಾಸ್ತಿ ಸಿಗುತ್ತದೆ, ನಿಜ. ಕೊಟ್ಟ ಹೆಚ್ಚಿನ ದುಡ್ಡಿನಲ್ಲಿ ಅರ್ಧ ವಾಪಸ್ ಬಂತು ಅಂದುಕೊಂಡರೂ ಆರೂವರೆ ವರ್ಷ.

ಅದೇ ನನ್ನ ಭಾವನ ಲೆಕ್ಕ ಬೇರೆ. ಕನಕಪುರದಿಂದ ದಿನಾ ಬೆಂಗಳೂರಿಗೆ ಹೋಗಿ ಬರುವ ಅವರಿಗೆ ತಿಂಗಳಿಗೆ 2,500 ಕಿಲೋಮೀಟರ್ ಆಗುತ್ತದೆ. ಅವರಿಗೆ ತಿಂಗಳಿಗೆ ಹನ್ನೊಂದೂವರೆ ಸಾವಿರ ಉಳಿದು, ಎರಡೂವರೆ ವರ್ಷದಲ್ಲಿ ಡೀಸೆಲ್ ತನ್ನ ದುಡ್ಡು ತಾನೇ ಕಟ್ಟಿಕೊಳ್ಳುತ್ತದೆ. ಅವರು ಪೆಟ್ರೋಲ್ ತಗೊಂಡರೆ ತಪ್ಪು. ಹಾಗಾಗಿ ನೀವೂ ಮೊದಲು ಸರ್ವಿಸ್ ಬಿಲ್ ನೋಡಿ, ಆಮೇಲೆ ಜಾಹೀರಾತು ನೋಡಿ.

ಅಪ್ಪ ಅಷ್ಟಕ್ಕೆ ಸೋಲಲಿಲ್ಲ. ಬೆಂಗಳೂರಿನ ಒಂದು ಹಳೇ ಕಾರು ಮಾರುವ ಜಾಗದಲ್ಲಿ ಒಂದು ಜರ್ಮನ್ ಡೀಸೆಲ್ ಎಸ್‌ಯುವಿ ಇದೆ, ಫಾರ್ಚೂನರ್‌ಗಿಂತ ಅಗ್ಗ ಅಂತ ಯಾರೋ ತಲೆಗೆ ತುಂಬಿದ್ದರು. ಹೋದೆವು. ಕಂಪನಿ ಹೆಸರು ಬೇಡ. ಬಿಎಸ್-6 ಗಾಡಿ, ಒಳಗೆ ಕೂತರೆ ವಿಮಾನ, ಬೆಲೆ ಅನುಮಾನ ಬರುವಷ್ಟು ಕಡಿಮೆ. ರಾಮನಗರದ ಐಜೂರಿನಿಂದ ನಮ್ಮ ಮೆಕ್ಯಾನಿಕ್ ಭಾಯಿಯನ್ನೂ ಕರೆದುಕೊಂಡು ಹೋಗಿದ್ದೆ. ಅವರು ಬಾನೆಟ್ ಎತ್ತಿ, ಎಂಜಿನ್ ಆಯಿಲ್‌ನ ಅಳತೆ ಕಡ್ಡಿ ಎಳೆದು, ಒರೆಸಿ, ಮತ್ತೆ ಅದ್ದಿ ನೋಡಿದರು. ಆಯಿಲ್ ಮೇಲಿನ ಗೆರೆಯನ್ನೂ ದಾಟಿತ್ತು. ಮೂಗಿನ ಹತ್ತಿರ ಹಿಡಿದು ನನಗೂ ಕೊಟ್ಟರು. ಡೀಸೆಲ್ ವಾಸನೆ.

"ಎಣ್ಣೆ ಜಾಸ್ತಿ ಇದ್ರೆ ಒಳ್ಳೇದೇ ಅಲ್ವಾ ಸಾಬ್ರೇ?" ಅಂದರು ಅಪ್ಪ.

"ಇದು ಎಣ್ಣೆ ಅಲ್ಲ ಯಜಮಾನ್ರೇ, ಕಾಯಿಲೆ" ಅಂದರು ಭಾಯಿ.

ಆ ಕಾಯಿಲೆಯನ್ನು ಸ್ವಲ್ಪ ವಿವರಿಸುತ್ತೇನೆ, ಏಕೆಂದರೆ ಇಂಟರ್‌ನೆಟ್ಟಿನಲ್ಲಿ ಮೈಲೇಜ್ ಲೆಕ್ಕ ಹಾಕುವವರು ಇದನ್ನು ಮರೆಯುತ್ತಾರೆ. 2020ರ ಏಪ್ರಿಲ್‌ನಿಂದ ಬಿಎಸ್-6 ಜಾರಿಯಾದ ಮೇಲೆ ಡೀಸೆಲ್ ಕಾರುಗಳ ಹೊಗೆಕೊಳವೆಯಲ್ಲಿ ಡಿಪಿಎಫ್ ಅನ್ನೋ ಫಿಲ್ಟರ್ ಇರುತ್ತದೆ. ಅದು ಮಸಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ತುಂಬಿದಾಗ ಎಂಜಿನ್ ಒಂದಷ್ಟು ಹೆಚ್ಚುವರಿ ಡೀಸೆಲ್ ಬಿಟ್ಟು, 600 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿಗೆ ಬಿಸಿ ಮಾಡಿ, ಆ ಮಸಿಯನ್ನು ಸುಡುತ್ತದೆ. ಇದಕ್ಕೆ ಹೆದ್ದಾರಿಯಲ್ಲಿ ಹದಿನೈದು–ಇಪ್ಪತ್ತು ನಿಮಿಷ ಒಂದೇ ವೇಗದ ಓಟ ಬೇಕು. ಮಗಳನ್ನು ಸ್ಕೂಲಿಗೆ ಬಿಟ್ಟು, ತರಕಾರಿ ತಗೊಂಡು, ಮೂರು ಕಿಲೋಮೀಟರಿನಲ್ಲಿ ಮನೆ ಸೇರಿಬಿಟ್ಟರೆ ಸುಡುವ ಕೆಲಸ ಪ್ರತೀ ಸಲ ಅರ್ಧಕ್ಕೇ ನಿಲ್ಲುತ್ತದೆ. ಉರಿಯದೆ ಉಳಿದ ಡೀಸೆಲ್ ಸಿಲಿಂಡರ್ ಗೋಡೆಯಿಂದ ಇಳಿದು ಆಯಿಲ್‌ಗೆ ಸೇರುತ್ತದೆ. ಆಯಿಲ್ ತೆಳ್ಳಗಾಗುತ್ತದೆ, ಬೇರಿಂಗು ಟರ್ಬೊ ಎಲ್ಲ ಸವೆಯುತ್ತವೆ. ದೊಡ್ಡ ಗಾಡಿಗಳ ಡಿಪಿಎಫ್ ಬದಲಾಯಿಸುವ ಖರ್ಚು ಲಕ್ಷದ ಲೆಕ್ಕಕ್ಕೂ ಹೋಗಬಹುದು. ನಾವು ನೋಡಿದ ಗಾಡಿ ಪೂರ್ತಿ ಸಿಟಿಯೊಳಗೇ ಓಡಿದ್ದು. ನಮ್ಮ ಕೈಗೆ ಬಂದರೂ ಅದು ಓಡುವುದು ಅದೇ ಥರ.

ಇನ್ನೊಂದು ಗಾಡಿ ಡೆಲ್ಲಿ ನಂಬರಿನದ್ದು, ಒಂಬತ್ತು ವರ್ಷದ ಡೀಸೆಲ್. ಅಗ್ಗ ಯಾಕೆ ಅಂದರೆ ದೆಹಲಿ ವಲಯದಲ್ಲಿ ಡೀಸೆಲ್‌ಗೆ ಹತ್ತು ವರ್ಷ, ಪೆಟ್ರೋಲ್‌ಗೆ ಹದಿನೈದು ವರ್ಷ ಅನ್ನೋ ಹಸಿರು ನ್ಯಾಯಮಂಡಳಿಯ ಮಿತಿಯನ್ನು 2018ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಹಾಗಾಗಿ ಹತ್ತು ತುಂಬುವ ಮುಂಚೆ ಗಾಡಿಗಳು ದಕ್ಷಿಣಕ್ಕೆ ಇಳಿಯುತ್ತಿದ್ದವು. ನಮ್ಮಲ್ಲಿ ಆ ಹತ್ತು ವರ್ಷದ ನಿಯಮವಿಲ್ಲ. ಆದರೆ ಎನ್‌ಒಸಿ ತರಬೇಕು, ಇಲ್ಲಿ ಮತ್ತೆ ರಿಜಿಸ್ಟರ್ ಮಾಡಿಸಬೇಕು, ವಯಸ್ಸು ನೋಡಿ ಹಾಕುವ ಲೈಫ್ ಟ್ಯಾಕ್ಸ್ ಕಟ್ಟಬೇಕು. ಅದನ್ನೆಲ್ಲ ಸೇರಿಸಿದರೆ ಅಗ್ಗ ಎಲ್ಲಿ ಉಳೀತು? ಬಿಟ್ಟೆವು.

ಜರ್ಮನ್ ಗಾಡಿಯೇ ಬೇಕು ಅನ್ನೋರಿಗೆ ಒಂದು ಮಾತು. ಆಡಿ 2020ರಲ್ಲಿ ಭಾರತದಲ್ಲಿ ಡೀಸೆಲ್ ನಿಲ್ಲಿಸಿತು. ಹಾಗಾಗಿ ಅದರ ಡೀಸೆಲ್ ಸಿಕ್ಕರೆ ಅದು ಬಿಎಸ್-4 ಕಾಲದ್ದೇ. ಬಿಎಂಡಬ್ಲ್ಯು, ಮರ್ಸಿಡಿಸ್ ಎರಡನ್ನೂ ಮಾರುತ್ತಿವೆ.

ಪೆಟ್ರೋಲ್ ಪಕ್ಷ ವಹಿಸಿದೆ ಅಂತ ಅದರ ಹುಳುಕು ಮುಚ್ಚಿಡೋದಿಲ್ಲ. ಆ ತಲೆಮಾರಿನ ಡೀಸೆಲ್ ಆಟೊಮ್ಯಾಟಿಕ್‌ನ ಟಾರ್ಕ್ 450 ನ್ಯೂಟನ್ ಮೀಟರ್, ಪೆಟ್ರೋಲ್‌ನದ್ದು 245. ಏಳು ಜನ ಕೂತು ಮಾಗಡಿ ರಸ್ತೆಯಲ್ಲಿ ಏರು ಹತ್ತುತ್ತಾ ಲಾರಿ ಓವರ್‌ಟೇಕ್ ಮಾಡಲು ಹೋದರೆ ಈ ವ್ಯತ್ಯಾಸ ಎದೆಗೇ ತಿಳಿಯುತ್ತದೆ. ಪೆಟ್ರೋಲ್‌ನಲ್ಲಿ ಫೋರ್ ವೀಲ್ ಡ್ರೈವ್ ಕೊಟ್ಟೂ ಇಲ್ಲ. ಇನ್ನು ಇ20. ಎಥೆನಾಲ್‌ನಲ್ಲಿರುವ ಶಕ್ತಿ ಪೆಟ್ರೋಲ್‌ಗಿಂತ ಮೂರನೇ ಒಂದು ಭಾಗ ಕಡಿಮೆ, ಹಾಗಾಗಿ ಮೈಲೇಜ್ ಸ್ವಲ್ಪ ಬಿದ್ದೇ ಬೀಳುತ್ತದೆ. 2023ರ ಏಪ್ರಿಲ್‌ಗಿಂತ ಹಳೆಯ ಗಾಡಿ ಆದರೆ ಟ್ಯಾಂಕ್ ಮುಚ್ಚಳದ ಒಳಗಿನ ಸ್ಟಿಕ್ಕರ್, ಮ್ಯಾನ್ಯುಯಲ್ ಎರಡನ್ನೂ ಓದಿ. ರಬ್ಬರ್ ಪೈಪು, ಸೀಲುಗಳನ್ನು ಪರೀಕ್ಷೆ ಮಾಡಿಸಿ. ನಾನು ಶೀಟಿನಲ್ಲಿ ಪೆಟ್ರೋಲ್ ಮೈಲೇಜನ್ನು ಏಳೂವರೆಗೆ ಇಳಿಸಿಯೂ ನೋಡಿದೆ. ನಮ್ಮ 490 ಕಿಲೋಮೀಟರಿಗೆ ಉತ್ತರ ಬದಲಾಗಲಿಲ್ಲ.

ಸೆಪ್ಟೆಂಬರ್ 22ರಿಂದ ಇಂಥ ದೊಡ್ಡ ಎಸ್‌ಯುವಿಗಳ ಮೇಲೆ ಸೆಸ್ ಸೇರಿ 50 ಪರ್ಸೆಂಟ್ ಇದ್ದ ತೆರಿಗೆ 40ಕ್ಕೆ ಇಳಿಯಿತು. ಹೊಸದರ ಬೆಲೆ ಇಳಿದ ಮೇಲೆ ಹಳೆಯದಕ್ಕೆ ಅದೇ ರೇಟು ಯಾಕೆ ಅಂತ ಚೌಕಾಸಿ ಮಾಡಿದೆ. ದೀಪಾವಳಿಗೆ ಮುಂಚೆ, ಬೆಂಗಳೂರಿನ ಒಬ್ಬ ನಿವೃತ್ತರ ಹತ್ತಿರ, ಒಂದೇ ಕೈ ಓಡಿಸಿದ 2018ರ ಪೆಟ್ರೋಲ್ ಫಾರ್ಚೂನರ್ ಸಿಕ್ಕಿತು. ಭಾಯಿ ಕಡ್ಡಿ ಎಳೆದು ನೋಡಿ ತಲೆಯಾಡಿಸಿದರು. ಎಫ್‌ಡಿಯಲ್ಲಿ ಮೂರು ಲಕ್ಷಕ್ಕೆ ಸ್ವಲ್ಪ ಜಾಸ್ತಿ ಉಳಿಯಿತು. ಅಪ್ಪ ರಸೀದಿ ನೋಡಿ, ಏನೂ ಹೇಳದೆ, ಬೀರುವಿನಲ್ಲಿ ಇಟ್ಟರು.

ಮೊದಲ ವಾರ ಗಾಡಿ ಹತ್ತಲಿಲ್ಲ. "ಸದ್ದೇ ಇಲ್ವಲ್ಲೋ, ಬಂದಿದ್ದು ಯಾರ್ಗೂ ಗೊತ್ತಾಗಲ್ಲ" ಅನ್ನೋದು ಅವರ ದೂರು. ಹತ್ತಿದ ದಿನ ಬಂಕಿನ ಹುಡುಗ ಗಾಡಿಯ ಗಾತ್ರ ನೋಡಿ, ಕೇಳದೆಯೇ ಡೀಸೆಲ್ ನಾಜಲ್ ಎತ್ತಿಕೊಂಡ. ನಾನು ಫೋನ್ ನೋಡುತ್ತಿದ್ದೆ. ಅಪ್ಪ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ, ಬಂಕಿನಲ್ಲಿದ್ದವರೆಲ್ಲ ತಿರುಗಿ ನೋಡುವ ಹಾಗೆ ಕೂಗಿದರು: "ಪೆಟ್ರೋಲ್ ಕಣಪ್ಪಾ, ಪೆಟ್ರೋಲು!" ಈಗ ಪ್ರತೀ ಸಲವೂ ಹಾಗೇ ಕೂಗುತ್ತಾರೆ, ಸ್ವಲ್ಪ ಜೋರಾಗಿಯೇ.