ಬಲಿಪೀಠದ ಹೊರಗಿನ ಸಂಗೀತ: ಧ್ವನಿಮುದ್ರಿತ ಪಿಯಾನೋದಲ್ಲಿ ಬರೋಕ್ ನೃತ್ಯಮಾಲಿಕೆಗಳನ್ನು ಆಲಿಸುವ ಬಗೆ

ಜಗದ್ಗುರು ಸಂತ ಹತ್ತನೆಯ ಪಯಸ್ ಅವರು 1903ರ ನವೆಂಬರ್ 22ರಂದು, ಸಂತ ಸಿಸಿಲಿಯಾಳ ಹಬ್ಬದ ದಿನ, ಪವಿತ್ರ ಸಂಗೀತವನ್ನು ಕುರಿತು ಹೊರಡಿಸಿದ ಆಜ್ಞೆಯ 19ನೆಯ ವಿಧಿಯು ದೇವಾಲಯದಲ್ಲಿ ಪಿಯಾನೋ ನುಡಿಸುವುದನ್ನು ಹೆಸರಿಸಿಯೇ ನಿಷೇಧಿಸಿತು. 1958ರ ಸೆಪ್ಟೆಂಬರ್ 3ರಂದು ರೋಮಿನಿಂದ ಹೊರಟ ಇನ್ನೊಂದು ನಿರ್ದೇಶನವು ಗ್ರಾಮಫೋನ್, ರೇಡಿಯೋ, ಧ್ವನಿಸುರುಳಿ ಮೊದಲಾದ ಯಂತ್ರಗಳನ್ನು ದೈವಾರಾಧನೆಯಲ್ಲಿ ಬಳಸಕೂಡದೆಂದು ವಿಧಿಸಿತು. ಹೀಗೆ ಧ್ವನಿಮುದ್ರಿತ ಪಿಯಾನೋ ವಾದನವು ಎರಡು ಬಾಗಿಲುಗಳ ಹೊರಗೆ ನಿಂತ ಸಂಗೀತವಾಗಿದೆ. ಬರೋಕ್ ಕಾಲದ 'ಸ್ವೀಟ್' ಎಂಬ ಪ್ರಕಾರವಂತೂ ನೃತ್ಯಗಳ ಮಾಲೆ. ಅದು ಮೂರನೆಯ ಬಾಗಿಲಿನ ಹೊರಗೂ ನಿಂತಿದೆಯೆನ್ನಬಹುದು.

ಇಂಥ ಸಂಗೀತವನ್ನು ಗುರುಗಳೂ ಗುರು ಅಭ್ಯರ್ಥಿಗಳೂ ಏಕೆ ಆಲಿಸಬೇಕು, ಹೇಗೆ ಆಲಿಸಬೇಕು ಎಂಬುದನ್ನು ಈ ಲೇಖನದಲ್ಲಿ ವಿವೇಚಿಸುತ್ತೇವೆ. ಬಲಿಪೀಠದ ಬಳಿ ಧ್ವನಿಮುದ್ರಿಕೆಗೆ ಸ್ಥಾನವಿಲ್ಲದಿರುವುದು ಸರಿ. ಗುರುನಿವಾಸದಲ್ಲಿ ಅದಕ್ಕೆ ಸ್ಥಾನವಿರುವುದೂ ಅಷ್ಟೇ ಸರಿ ಎಂಬುದು ನಮ್ಮ ನಿಲುವು. ಏಕೆಂದರೆ ಅದು ಕಿವಿಯನ್ನು ತಿದ್ದುವ ಶಾಲೆ. ಕಿವಿಯು ತಿದ್ದದೆ ಗುರುಸೇವೆಯು ನಡೆಯದು.

1. ನೃತ್ಯಗಳ ಮಾಲೆ

ಹರಿದಾಸರ ಸುಳಾದಿಯನ್ನು ಬಲ್ಲ ಕನ್ನಡಿಗರಿಗೆ ಸ್ವೀಟಿನ ರಚನೆ ಅಪರಿಚಿತವಾಗಲಾರದು. ಸುಳಾದಿಯಲ್ಲಿ ಒಂದೊಂದು ಭಾಗವೂ ಒಂದೊಂದು ತಾಳದಲ್ಲಿ ಸಾಗುವಂತೆ, ಸ್ವೀಟಿನಲ್ಲಿ ಒಂದೊಂದು ಭಾಗವೂ ಒಂದೊಂದು ನೃತ್ಯದ ನಡೆಯಲ್ಲಿ ಸಾಗುತ್ತದೆ; ಶ್ರುತಿಯ ನೆಲೆ ಮಾತ್ರ ಸಾಮಾನ್ಯವಾಗಿ ಒಂದೇ. ಸಾವಧಾನದ ಆಲಮಾಂಡ್, ಓಟದ ಕೂರಾಂಟ್, ನಿಧಾನಗತಿಯ ಸಾರಾಬಾಂಡ್, ಜಿಗಿತದ ಜೀಗ್ ಇವು ನಾಲ್ಕು ಕಂಬಗಳು. ಸಾರಾಬಾಂಡ್ ಹಾಗೂ ಜೀಗ್‌ಗಳ ನಡುವೆ ಮಿನುಯೆಟ್, ಗಾವೊಟ್, ಬುರೇ ಮೊದಲಾದ ನೃತ್ಯಗಳು ಸೇರುತ್ತವೆ.

ಯೊಹಾನ್ ಸೆಬಾಸ್ಟಿಯನ್ ಬಾಖ್ (1685–1750) ಇಂಥ ಮಾಲಿಕೆಗಳನ್ನು ಆರಾರರ ಮೂರು ಗುಂಪುಗಳಲ್ಲಿ ರಚಿಸಿದನು: ಇಂಗ್ಲಿಷ್ ಸ್ವೀಟ್‌ಗಳು, ಫ್ರೆಂಚ್ ಸ್ವೀಟ್‌ಗಳು, ಪಾರ್ಟಿಟಾಗಳು. ಫ್ರೆಂಚ್ ಸ್ವೀಟ್‌ಗಳಲ್ಲಿ ಮೊದಲ ಐದರ ಆರಂಭಿಕ ರೂಪಗಳು 1722ರಲ್ಲಿ ಅವನು ತನ್ನ ಪತ್ನಿ ಆನ್ನಾ ಮಾಗ್ದಲೇನಾಳಿಗಾಗಿ ತೆರೆದ ಪುಸ್ತಕದಲ್ಲಿವೆ. ಅಂದರೆ ಇವು ಆಸ್ಥಾನಕ್ಕಿಂತ ಮೊದಲು ಮನೆಯ ಸಂಗೀತ. 1726ರಿಂದ ಒಂದೊಂದಾಗಿ ಪ್ರಕಟವಾದ ಪಾರ್ಟಿಟಾಗಳನ್ನು 1731ರಲ್ಲಿ ಒಟ್ಟಾಗಿಸಿದಾಗ, ಸಂಗೀತಪ್ರಿಯರ ಮನಸ್ಸಿನ ಉಲ್ಲಾಸಕ್ಕಾಗಿ ಇವುಗಳನ್ನು ರಚಿಸಿರುವುದಾಗಿ ಬಾಖ್ ಮುಖಪುಟದಲ್ಲಿಯೇ ತಿಳಿಸಿದನು. ಅವನ ಸಮಕಾಲೀನ ಹ್ಯಾಂಡೆಲ್ 1720ರಲ್ಲಿ ಲಂಡನ್ನಿನಲ್ಲಿ ಎಂಟು ಸ್ವೀಟ್‌ಗಳನ್ನು ಪ್ರಕಟಿಸಿದನು.

ಈ ನೃತ್ಯಗಳಲ್ಲಿ ಸಾರಾಬಾಂಡಿನ ಚರಿತ್ರೆಯು ದೈವಶಾಸ್ತ್ರದ ವಿದ್ಯಾರ್ಥಿಗೆ ವಿಶೇಷವಾಗಿ ಬೋಧಪ್ರದ. ಹದಿನಾರನೆಯ ಶತಮಾನದ ಸ್ಪೇನಿನಲ್ಲಿ ಅದು ಬಿರುಸಿನ ಕುಣಿತವಾಗಿತ್ತು. ಅಶ್ಲೀಲವೆಂದು 1583ರಲ್ಲಿ ನಿಷೇಧಕ್ಕೂ ಒಳಗಾಯಿತು. ಫ್ರಾನ್ಸಿನ ಆಸ್ಥಾನದಲ್ಲಿ ಅದು ಗಂಭೀರ ನಡೆಯನ್ನು ಪಡೆಯಿತು. ಮೂರು ಮಾತ್ರೆಗಳ ಆ ನಡೆಯಲ್ಲಿ ಎರಡನೆಯದರ ಮೇಲೆ ಭಾರ ಬಿದ್ದು, ಹೆಜ್ಜೆಯು ಅಲ್ಲಿ ಕ್ಷಣಕಾಲ ತಂಗುತ್ತದೆ. ಬಾಖ್ ಸಂತ ಮತ್ತಾಯನ ಶುಭಸಂದೇಶವನ್ನಾಧರಿಸಿ ರಚಿಸಿದ ಪಾಡುಗಳ ಮಹಾಕೃತಿಯಲ್ಲಿ, ಸಮಾಧಿಯ ಮುಂದೆ ಶಿಷ್ಯವೃಂದವು ಪ್ರಭುವನ್ನು ಬೀಳ್ಕೊಡುವ ಕೊನೆಯ ಮೇಳಗಾನವು ಸಾಗುವುದು ಸಾರಾಬಾಂಡಿನ ನಡೆಯಲ್ಲಿಯೇ. ಒಮ್ಮೆ ಬಹಿಷ್ಕೃತವಾದ ಹೆಜ್ಜೆಯೊಂದು ಶುಭಶುಕ್ರವಾರದ ದುಃಖವನ್ನು ಹೊರಲು ಯೋಗ್ಯವಾಯಿತು. ಲೌಕಿಕವಾದುದನ್ನು ತಳ್ಳಿಹಾಕುವ ಮುನ್ನ ಅದು ಏನಾಗಬಲ್ಲದು ಎಂದು ಕೇಳುವ ತಾಳ್ಮೆಯನ್ನು ಇದರಿಂದ ಕಲಿಯಬೇಕಾಗಿದೆ.

2. ಪಿಯಾನೋ ಎಂಬ ಅನುವಾದ

ಈ ಕೃತಿಗಳು ಪಿಯಾನೋಗಾಗಿ ರಚಿತವಾದವುಗಳಲ್ಲ. ಕ್ರಿಸ್ತೋಫೋರಿಯು ಫ್ಲಾರೆನ್ಸಿನಲ್ಲಿ 1700ರ ಸುಮಾರಿಗೆ ಪಿಯಾನೋವನ್ನು ರೂಪಿಸಿದ್ದನಾದರೂ, ಮನೆಮನೆಗಳಲ್ಲಿ ಇದ್ದುದು ಹಾರ್ಪ್ಸಿಕಾರ್ಡ್ ಹಾಗೂ ಕ್ಲಾವಿಕಾರ್ಡ್. ಹಾರ್ಪ್ಸಿಕಾರ್ಡ್ ತಂತಿಯನ್ನು ಮೀಟುತ್ತದೆ. ಬೆರಳನ್ನು ಮೆಲ್ಲಗೆ ಒತ್ತಿದರೂ ಬಲವಾಗಿ ಒತ್ತಿದರೂ ನಾದದ ಗಾತ್ರವು ಹೆಚ್ಚುಕಡಿಮೆ ಒಂದೇ. ಪಿಯಾನೋ ಸುತ್ತಿಗೆಯಿಂದ ತಂತಿಯನ್ನು ತಟ್ಟುತ್ತದೆ. ಬೆರಳಿನ ಭಾರವೇ ನಾದದ ಗಾತ್ರವಾಗುತ್ತದೆ. ಒಂದೇ ವೇಳೆಗೆ ಸಾಗುವ ಎರಡು ಮೂರು ಎಳೆಗಳಲ್ಲಿ ಒಂದನ್ನು ಮುಂದಕ್ಕೆ ತಂದು, ಇನ್ನೊಂದನ್ನು ಹಿಂದಕ್ಕೆ ಸರಿಸುವುದು ಪಿಯಾನೋದಲ್ಲಿ ಸಾಧ್ಯ.

ಆದುದರಿಂದ ಪಿಯಾನೋದಲ್ಲಿ ನುಡಿಸಿದ ಬಾಖ್ ಎಂದರೆ ಒಂದು ಅನುವಾದ. ಅನುವಾದಕ್ಕೆ ಸಹಜವಾದ ಲಾಭನಷ್ಟಗಳೆರಡೂ ಅದಕ್ಕಿವೆ: ಹಾರ್ಪ್ಸಿಕಾರ್ಡಿನ ಹೊಳಪು ಕಳೆಯುತ್ತದೆ, ಒಳದನಿಗಳು ಸ್ಪಷ್ಟವಾಗುತ್ತವೆ. ಹೀಬ್ರೂ ಗ್ರೀಕ್ ಮೂಲಗಳಲ್ಲಿ ಶುಭಸಂದೇಶವನ್ನೂ ಕೀರ್ತನೆಗಳನ್ನೂ ಓದಲು ಕಲಿಯುತ್ತಲೇ ಅವುಗಳನ್ನು ಕನ್ನಡದಲ್ಲಿ ಪ್ರಾರ್ಥಿಸುವ ನಮಗೆ ಈ ಸ್ಥಿತಿ ಹೊಸದಲ್ಲ. ಮೂಲದ ನೆನಪಿರುವ ಅನುವಾದವೇ ಒಳ್ಳೆಯ ಅನುವಾದ. ಆದುದರಿಂದ ಒಂದೆರಡು ಬಾರಿಯಾದರೂ ಅದೇ ಕೃತಿಯನ್ನು ಹಾರ್ಪ್ಸಿಕಾರ್ಡಿನಲ್ಲಿ ಕೇಳಿ ಪಿಯಾನೋಗೆ ಮರಳುವುದು ಉಚಿತ.

3. ಮೈಸೂರಿನ ಒಂದು ನಿದರ್ಶನ

ಪಾಶ್ಚಾತ್ಯ ವಾದ್ಯಸಂಗೀತವನ್ನು ಧ್ವನಿಮುದ್ರಿಕೆಗಳ ಮೂಲಕ ಆಲಿಸುವುದು ನಮ್ಮ ನಾಡಿಗೆ ಪರಕೀಯವೆಂದು ಭಾವಿಸಬೇಕಾಗಿಲ್ಲ. ಮೈಸೂರಿನ ಕೊನೆಯ ಮಹಾರಾಜರಾದ ಜಯಚಾಮರಾಜ ಒಡೆಯರ್ (1919–1974) ಅವರು ಕರ್ನಾಟಕ ಸಂಗೀತದ ಕೃತಿಕಾರರು. ಪಿಯಾನೋವನ್ನು ಅಭ್ಯಾಸಮಾಡಿ ಅದರ ವಾದಕರಾಗಬೇಕೆಂಬ ಹಂಬಲವನ್ನೂ ಇರಿಸಿಕೊಂಡಿದ್ದವರು. 1940ರಲ್ಲಿ ತಂದೆಯೂ ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರೂ ತೀರಿಕೊಂಡಾಗ ಸಿಂಹಾಸನವು ಅವರ ಪಾಲಿಗೆ ಬಂದಿತು, ವೇದಿಕೆಯು ದೂರವಾಯಿತು. ಅವರು ಕೇಳುಗರಾಗಿ ಉಳಿದರು, ದೊಡ್ಡದೊಂದು ಧ್ವನಿಮುದ್ರಿಕೆಗಳ ಭಂಡಾರವನ್ನು ಕಟ್ಟಿದರು. ರಷ್ಯದ ನಿಕೊಲಾಯ್ ಮೆಟ್ನರ್ ಲಂಡನ್ನಿನಲ್ಲಿ ಮರೆವಿಗೆ ಸಂದು ಬಾಳುತ್ತಿದ್ದಾಗ, 1940ರ ದಶಕದ ಕೊನೆಯಲ್ಲಿ ಮಹಾರಾಜರ ಧನಸಹಾಯದಿಂದ ಅವರ ಕೃತಿಗಳು ಅವರದೇ ಬೆರಳುಗಳಲ್ಲಿ ಮುದ್ರಿತವಾದವು. ಮೆಟ್ನರ್ ತಮ್ಮ ಮೂರನೆಯ ಪಿಯಾನೋ ಕಾನ್ಸರ್ಟೊವನ್ನು ಮಹಾರಾಜರಿಗೆ ಅರ್ಪಿಸಿದರು, 1951ರಲ್ಲಿ ತೀರಿಕೊಂಡರು.

ಈ ಕಾರ್ಯದಲ್ಲಿ ಮಹಾರಾಜರ ಸಹವರ್ತಿಯಾಗಿದ್ದವರು ಧ್ವನಿಮುದ್ರಣದ ನಿರ್ಮಾಪಕ ವಾಲ್ಟರ್ ಲೆಗ್. ಅದೇ ಲೆಗ್ ಅವರು 1950ರ ಜುಲೈಯಲ್ಲಿ ಜಿನೀವಾದಲ್ಲಿ ರುಮೇನಿಯದ ದೀನು ಲಿಪಾಟ್ಟಿ ಅವರಿಂದ ಬಾಖನ ಮೊದಲನೆಯ ಪಾರ್ಟಿಟಾವನ್ನು ಮುದ್ರಿಸಿಕೊಂಡರು. ಲಿಪಾಟ್ಟಿ ಆಗಲೇ ಮಾರಕ ರೋಗಕ್ಕೆ ತುತ್ತಾಗಿದ್ದರು. ಸೆಪ್ಟೆಂಬರ್ 16ರಂದು ಫ್ರಾನ್ಸಿನ ಬೆಸಾನ್‌ಸೊನ್‌ನಲ್ಲಿ ನಡೆದ ತಮ್ಮ ಕೊನೆಯ ಕಛೇರಿಯನ್ನೂ ಅವರು ಇದೇ ಪಾರ್ಟಿಟಾದಿಂದ ಆರಂಭಿಸಿ, ಡಿಸೆಂಬರ್ 2ರಂದು, 33ನೆಯ ವಯಸ್ಸಿನಲ್ಲಿ ಮಡಿದರು. ಆ ಮುದ್ರಿಕೆಯಲ್ಲಿ ರೋಗದ ಸುಳಿವಿಲ್ಲ, ಸರಳವಾದ ಬೆಳಕಿದೆ. ಕೈಗಳು ಒಂದನ್ನೊಂದು ದಾಟುತ್ತ ಸಾಗುವ ಕೊನೆಯ ಜೀಗ್ ಮಗುವಿನ ಆಟದಂತಿದೆ. ಮೆಟ್ನರ್, ಲಿಪಾಟ್ಟಿ ಇಬ್ಬರ ವಿಷಯದಲ್ಲಿಯೂ ಧ್ವನಿಮುದ್ರಣವು ಮಾಡಿದ ಉಪಕಾರವು ಒಂದೇ: ಬೇಗನೆ ಮೌನವಾಗಲಿದ್ದ ಕೈಗಳ ಸಾಕ್ಷ್ಯವನ್ನು ಅದು ಉಳಿಸಿಕೊಟ್ಟಿತು.

4. ಆಲಿಸುವ ಕ್ರಮ

ಆಲೂರು, ಸಕಲೇಶಪುರಗಳ ಗುಡ್ಡಸೀಮೆಯ ಮಗ್ಗೆಯಂಥ ಊರಿನಲ್ಲಿ ಪಿಯಾನೋ ಇರಿಸಿಕೊಳ್ಳುವುದು ಸುಲಭವಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯ ತೇವಕ್ಕೆ ಮರವು ಹಿಗ್ಗಿ ಶ್ರುತಿಯು ತಪ್ಪುತ್ತದೆ. ಶ್ರುತಿಗೊಳಿಸುವವರು ದೂರದ ನಗರದಿಂದ ಬರಬೇಕು. ಇಲ್ಲಿಯ ಕೇಳುಗನಿಗೆ ಧ್ವನಿಮುದ್ರಿಕೆಯೇ ಗತಿ. ಆದರೆ ಇದೇ ಸೀಮೆಯ ಸುಗ್ಗಿ ಕುಣಿತವನ್ನು ಕಂಡವರಿಗೆ ಒಂದು ಅನುಕೂಲವಿದೆ: ವಾದ್ಯದ ಸದ್ದು ದೂರದಿಂದ ಕೇಳಿದರೂ ಹೆಜ್ಜೆ ಎಲ್ಲಿ ಬೀಳುತ್ತದೆಂದು ಅವರ ಕಾಲು ಬಲ್ಲದು. ಸ್ವೀಟನ್ನು ಕೇಳುವಾಗ ಮೊದಲು ಹುಡುಕಬೇಕಾದುದು ಆ ಹೆಜ್ಜೆಯನ್ನೇ.

ಅನಂತರ ಈ ಕ್ರಮವನ್ನು ಸೂಚಿಸುತ್ತೇವೆ. ಐದನೆಯ ಫ್ರೆಂಚ್ ಸ್ವೀಟನ್ನು ಆರಿಸಿಕೊಳ್ಳಿರಿ. ಅದರಲ್ಲಿ ಏಳು ನೃತ್ಯಗಳಿವೆ. ಮೊದಲ ದಿನ ಸಾರಾಬಾಂಡನ್ನು ಮಾತ್ರ, ಬೇರೇನೂ ಮಾಡದೆ, ಎರಡು ಬಾರಿ ಕೇಳಿರಿ. ಎರಡನೆಯ ಬಾರಿ ಎಡಗೈಯ ಎಳೆಯನ್ನು ಮಾತ್ರ ಹಿಂಬಾಲಿಸಿರಿ. ಮರುದಿನ ಅದನ್ನೇ ಇನ್ನೊಬ್ಬ ವಾದಕರಿಂದ ಕೇಳಿರಿ. ಕೆನಡಾದ ಗ್ಲೆನ್ ಗೂಲ್ಡ್ 1964ರಲ್ಲಿ ಕಛೇರಿಗಳನ್ನು ತ್ಯಜಿಸಿ ಧ್ವನಿಮುದ್ರಣವನ್ನೇ ನೆಚ್ಚಿದವರು. ಸ್ವರಗಳನ್ನು ಬಿಡಿಬಿಡಿಯಾಗಿ, ಮಣಿಗಳಂತೆ ನುಡಿಸುತ್ತಾರೆ. ಹಂಗೆರಿಯ ಆಂದ್ರಾಶ್ ಶಿಫ್ ಸ್ವರಗಳನ್ನು ಹಾಡಿಸುತ್ತ, ಮರುನುಡಿಯಲ್ಲಿ ಹೊಸ ಅಲಂಕಾರಗಳನ್ನು ಸೇರಿಸುತ್ತಾರೆ. ಇಬ್ಬರಲ್ಲಿ ಯಾರು ಸರಿಯೆಂಬ ಪ್ರಶ್ನೆಗೆ ಅವಸರ ಬೇಡ. ಒಂದೇ ಮುದ್ರಿಕೆಯನ್ನು ನೂರು ಬಾರಿ ಕೇಳಿದವನು ಆ ವಾದನವನ್ನೇ ಕೃತಿಯೆಂದು ಬಗೆಯುವ ಅಪಾಯವಿದೆ. ಇಬ್ಬರನ್ನು ಕೇಳಿದವನಿಗೆ ಕೃತಿಯು ಇಬ್ಬರಿಗಿಂತಲೂ ದೊಡ್ಡದೆಂದು ತಿಳಿಯುತ್ತದೆ. ಒಂದು ವ್ಯಾಖ್ಯಾನವನ್ನೇ ದೇವರವಾಕ್ಯವೆಂದು ಬಗೆಯುವ ಬೋಧಕನಿಗೂ ಇದೇ ಔಷಧ.

ಹ್ಯಾಂಡೆಲನ ಸ್ವೀಟ್‌ಗಳಿಗೆ 1979ರಲ್ಲಿ ಫ್ರಾನ್ಸಿನ ತೂರ್ ಬಳಿ ಸ್ವ್ಯಾತೊಸ್ಲಾವ್ ರಿಕ್ಟರ್ ಹಾಗೂ ತರುಣ ಆಂದ್ರೇ ಗಾವ್ರಿಲೋವ್ ಹಂಚಿಕೊಂಡು ನುಡಿಸಿದ ಮುದ್ರಿಕೆಗಳಿವೆ. ಒಬ್ಬರು ನುಡಿಸುವಾಗ ಇನ್ನೊಬ್ಬರು ಪಕ್ಕದಲ್ಲಿ ಕುಳಿತು ಹಾಳೆ ತಿರುವಿದರು. ಸಹಸೇವೆಗೆ ಇದಕ್ಕಿಂತ ಸರಳವಾದ ಚಿತ್ರವು ದೊರೆಯಲಾರದು.

5. ಮರುನುಡಿಯ ಅರ್ಥ

ಈ ನೃತ್ಯಗಳಲ್ಲಿ ಹೆಚ್ಚಿನವು ಎರಡು ಅರ್ಧಗಳಿಂದ ಕೂಡಿವೆ. ಮೊದಲರ್ಧವು ಮನೆಯ ಶ್ರುತಿಯಿಂದ ಹೊರಟು ಬೇರೊಂದು ನೆಲೆಯನ್ನು ಸೇರುತ್ತದೆ. ಎರಡನೆಯದು ಅಲ್ಲಿಂದ ಮನೆಗೆ ಮರಳುತ್ತದೆ. ಒಂದೊಂದು ಅರ್ಧವನ್ನೂ ಎರಡು ಸಲ ನುಡಿಸಬೇಕು. ದೇವರಿಂದ ಹೊರಟು ದೇವರೆಡೆಗೆ ಮರಳುವ ಸೃಷ್ಟಿಯ ಚಲನೆಯನ್ನು ಸಂತ ಥಾಮಸ್ ಅಕ್ವಿನಾಸರಲ್ಲಿ ಓದಿದವರಿಗೆ ಇದು ನೆನಪಾದರೆ ಆಶ್ಚರ್ಯವಿಲ್ಲ. ಬಾಖ್ ಅದನ್ನೇ ಉದ್ದೇಶಿಸಿದನೆಂದು ಹೇಳುವುದು ಅತಿಯಾದೀತು. ಆದರೆ ಮರುನುಡಿಯು ಕಲಿಸುವ ಪಾಠವು ಖಚಿತವಾದುದು: ಎರಡನೆಯ ಬಾರಿಯ ಅದೇ ಸ್ವರಗಳು ಅವೇ ಅಲ್ಲ. ಕೃತಿಯೊಂದರ ಸಾಲು ಸಂಗತಿಯಿಂದ ಸಂಗತಿಗೆ ಬೆಳೆಯುವಂತೆ ಇಲ್ಲಿಯೂ ಅಲಂಕಾರವು ಸೇರುತ್ತದೆ. ಅಲಂಕಾರವಿಲ್ಲದಿದ್ದರೂ ಕೇಳುವವನು ಬದಲಾಗಿರುತ್ತಾನೆ.

ನಾಲ್ಕು ವಾರಗಳಿಗೊಮ್ಮೆ ಅವೇ ಕೀರ್ತನೆಗಳಿಗೆ ಮರಳುವ, ದಿನವೂ ಅದೇ ಬಲಿಪೂಜೆಯನ್ನು ಅರ್ಪಿಸುವ ಗುರುವಿಗೆ ಕಾದಿರುವ ಶೋಧನೆಯೆಂದರೆ ಬೇಸರ. ಗುಡ್ಡಗಳ ನಡುವಿನ ಧರ್ಮಕೇಂದ್ರದಲ್ಲಿ ಒಬ್ಬಂಟಿಯಾಗಿ ಮಳೆಗಾಲ ಕಳೆಯುವ ಗುರುವಿಗೆ ಅದು ಇನ್ನಷ್ಟು ಹತ್ತಿರ. ಬೇಸರದ ಗುರುವು ಪಾಪನಿವೇದನೆಯಲ್ಲಿ ನೂರನೆಯ ಬಾರಿ ಕೇಳಿದ ತಪ್ಪನ್ನು ಕೇಳುವುದಿಲ್ಲ, ಊಹಿಸಿಕೊಳ್ಳುತ್ತಾನೆ. ಎದುರಿಗಿರುವವರಿಗಾದರೋ ಆ ನೋವು ಮೊದಲನೆಯದು. ಅರಸನಾದ ಸೊಲೊಮೋನನು ದೇವರಲ್ಲಿ ಬೇಡಿದುದು ಆಲಿಸುವ ಹೃದಯವನ್ನು. ಮರುನುಡಿಯಲ್ಲಿ ಹೊಸತನ್ನು ಕೇಳಬಲ್ಲ ಕಿವಿಯು ಆ ವರಕ್ಕೆ ಹದಗೊಳಿಸಿದ ನೆಲ.

6. ಬಾಗಿಲಿನ ಹೊರಗೇ ಏಕೆ?

ಹಾಗಾದರೆ ಇಂಥ ಸಂಗೀತವನ್ನು ಬಲಿಪೂಜೆಯಲ್ಲಿಯೇ ಕೇಳಿಸಬಾರದೇಕೆ? ಎರಡನೆಯ ವ್ಯಾಟಿಕನ್ ಮಹಾಸಭೆಯ 1963ರ ದೈವಾರಾಧನಾ ಸಂವಿಧಾನವು ತನ್ನ 120ನೆಯ ವಿಧಿಯಲ್ಲಿ ಪೈಪ್ ಆರ್ಗನ್ನಿಗೆ ಹಿರಿಮೆಯನ್ನಿತ್ತು, ಆರಾಧನೆಗೆ ಯೋಗ್ಯವಾದ ಇತರ ವಾದ್ಯಗಳಿಗೂ ಪ್ರಾದೇಶಿಕ ಅಧಿಕಾರದ ಸಮ್ಮತಿಯಿಂದ ಬಾಗಿಲನ್ನು ತೆರೆಯಿತು. ವಾದ್ಯದ ವಿಷಯವು ಹೀಗೆ ಸಡಿಲವಾದರೂ ಯಂತ್ರದ ವಿಷಯದಲ್ಲಿ ಹಳೆಯ ವಿವೇಕವು ಹಳತಾಗಿಲ್ಲ. ಆರಾಧನೆಯು ನೆರೆದಿರುವ ಸಭೆಯ ಜೀವಂತ ಕ್ರಿಯೆ. ಅಲ್ಲಿ ಹಾಡಬೇಕಾದುದು ಇಲ್ಲಿರುವ ಕೊರಳು. ಲಿಪಾಟ್ಟಿಯ ಬೆರಳುಗಳು ಎಷ್ಟೇ ನಿರ್ಮಲವಾದರೂ ಅವು ಮಗ್ಗೆಯ ಜನರ ಸ್ತುತಿಯನ್ನು ಅವರ ಪರವಾಗಿ ಅರ್ಪಿಸಲಾರವು. ಇಂದು ಪೆನ್‌ಡ್ರೈವಿನ ಹಿಮ್ಮೇಳವು ಹಲವೆಡೆ ಗಾಯನವೃಂದದ ಸ್ಥಾನವನ್ನು ಹಿಡಿಯುತ್ತಿರುವಾಗ ಈ ಭೇದವನ್ನು ಒತ್ತಿಹೇಳಬೇಕಾಗಿದೆ. ಶ್ರುತಿ ತಪ್ಪುವ ಹತ್ತು ಕೊರಳುಗಳು ದೋಷವಿಲ್ಲದ ಒಂದು ಯಂತ್ರಕ್ಕಿಂತ ಬಲಿಪೀಠಕ್ಕೆ ಹತ್ತಿರ.

ಸಂಗೀತವನ್ನು ನಿಜವಾಗಿ ಆಲಿಸಿದವನೇ ಈ ಮಾತನ್ನು ಕಹಿಯಿಲ್ಲದೆ ಒಪ್ಪಬಲ್ಲನು. ಸಂಜೆಯ ಪ್ರಾರ್ಥನೆ ಮುಗಿದ ಮೇಲೆ ಗುರುನಿವಾಸದಲ್ಲಿ ಒಂದು ಸಾರಾಬಾಂಡಿಗೆ ಕಾಲು ಗಂಟೆಯನ್ನು ಕೊಡುವ ಗುರುವು ಮರುಮುಂಜಾನೆ ತನ್ನ ಜನರ ಹಾಡನ್ನು ಕೇಳುವ ಕಿವಿಯನ್ನೇ ಸಿದ್ಧಪಡಿಸುತ್ತಿರುತ್ತಾನೆ. ಗುರುಮಠಗಳು ತಮ್ಮ ವಾರದ ವೇಳಾಪಟ್ಟಿಯಲ್ಲಿ ಇಂಥ ಒಂದು ಮೌನದ ಆಲಿಕೆಗೆ ಅರ್ಧ ಗಂಟೆಯನ್ನು ಮೀಸಲಿಡಬಾರದೆ ಎಂಬ ಪ್ರಶ್ನೆಯನ್ನು ಹಿರಿಯರ ಮುಂದೆ ವಿನಯದಿಂದ ಇರಿಸುತ್ತೇವೆ.